ಅತ್ತೆ ಕಾದ ಮಾತು

ಮೊನ್ನೆ ತಿಪಟೂರಿನ ಪೇಟೆಯಲ್ಲಿ ಅಂಗಡಿಯವನೊಬ್ಬ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಲೊಟ ಎಂದಿತು. ನಾನು ನಿಂತಲ್ಲೇ ನಿಂತೆ. "ಏನ್ ಬೇಕಕ್ಕ?" ಎಂದು ಕೇಳಿದ. ಬಾಯಿ ತೆರೆದೆ, ಮೊದಲ ಅಕ್ಷರವೇ ಸಿಕ್ಕಿಕೊಂಡಿತು, ಅವನು ಪಕ್ಕದ ಗಿರಾಕಿಯ ಕಡೆ ತಿರುಗಿದ. ಆ ಸದ್ದಿನ ಹಿಂದೆಯೇ ನೊಣವಿನಕೆರೆ ಕಡೆಯ ನಮ್ಮ ಹಳೆಯ ಮನೆ ಬಂತು. ಒಲೆಯ ಹೊಗೆಗೆ ಕಪ್ಪಾದ ಅಟ್ಟದ ತೊಲೆಗಳು, ಕಾಯಿಮಟ್ಟೆಯ ಧೂಳು, ಒಣಕೊಬ್ಬರಿಯ ಸಿಹಿ ಘಾಟು, ಇವೆಲ್ಲದರ ನಡುವೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತ ನಿಂಗಮ್ಮತ್ತೆ. ಅವಳು ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಆ ಮನೆ ಈಗಿಲ್ಲ. ಅಪ್ಪ, ಚಿಕ್ಕಪ್ಪ ಪಾಲಾದ ವರ್ಷವೇ ಗೋಡೆ ಕೆಡವಿ ಒಂದೊಂದು ತಾರಸಿ ಮನೆ ಕಟ್ಟಿಸಿಕೊಂಡರು.

ನಾನು ಉಗ್ಗುತ್ತಿದ್ದೆ. ಈಗಲೂ ಉಗ್ಗುತ್ತೇನೆ. ಫೋನಿನಲ್ಲಿ ನನ್ನ ಹೆಸರು ಹೇಳುವಷ್ಟರಲ್ಲಿ ಆ ಕಡೆಯವರು ನೆಟ್‌ವರ್ಕ್ ಇಲ್ಲವೆಂದು ಕಟ್ ಮಾಡುತ್ತಾರೆ. ಚಿಕ್ಕವಳಿದ್ದಾಗ ನಾಲಿಗೆಗೆ ಬಜೆ ತೇಯ್ದು ಹಚ್ಚಿದರು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟು ಮಾತಾಡಿಸಿದರು, ಹರಕೆ ಹೊತ್ತರು. ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ನನ್ನ ಮಾತನ್ನು ನನಗಿಂತ ಮೊದಲೇ ಆಡಿಬಿಡುವವರನ್ನು. ನಾನು "ಅ... ಅ..." ಎನ್ನುವಷ್ಟರಲ್ಲಿ ಅಮ್ಮ "ಅನ್ನಾನಾ?" ಎನ್ನುತ್ತಿದ್ದಳು. ನಾನು ಹೇಳಹೊರಟದ್ದು ಅಳು ಬರುತ್ತಿದೆ ಎಂದು. ಕೊನೆಗೆ ಅನ್ನವನ್ನೇ ತಿಂದು ಏಳುತ್ತಿದ್ದೆ. ನಿಮ್ಮ ಮನೆಯಲ್ಲೂ ಅಂಥದೊಂದು ಮಗು ಇದ್ದಿರಬಹುದು, ನೀವೂ ಪ್ರೀತಿಯಿಂದಲೇ ಅದರ ಬಾಯಿಂದ ಮಾತು ಕಿತ್ತುಕೊಂಡಿರಬಹುದು.

ನಮ್ಮ ಕಡೆ ಬಲಿತ ಕಾಯಿಯನ್ನು ಮಟ್ಟೆಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಿ ಕೊಬ್ಬರಿ ತಾನಾಗಿಯೇ ಚಿಪ್ಪು ಬಿಡಬೇಕು. ಅವಸರಪಟ್ಟು ಒಡೆದರೆ ಕೊಬ್ಬರಿ ಗಿಟುಕು ಚೂರುಚೂರಾಗಿ ಚಿಪ್ಪಿಗೇ ಅಂಟಿಕೊಳ್ಳುತ್ತದೆ. ಬಿಟ್ಟಿದೆಯೋ ಇಲ್ಲವೋ ಎಂದು ಅಲ್ಲಾಡಿಸಿದ ಸದ್ದಿನಿಂದಲೇ ಹೇಳುತ್ತಿದ್ದವಳು ಅತ್ತೆ. ಅಟ್ಟದಿಂದ ಕಾಯಿ ಎಣಿಸಿ ಇಳಿಸುವ ದಿನ ಮೊದಲ ಕಾಯಿಗೆ ಯಾರೂ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನಬೇಕು. ನಮ್ಮ ಮನೆಯಲ್ಲಿ ಅದನ್ನು ಕೂಗಬೇಕಾದವಳು ಮನೆಯ ಕಿರಿಯ ಹೆಣ್ಣುಮಗಳು. ಅಂದರೆ ನಾನು.

ನನಗೆ ಎಂಟು ವರ್ಷವಿದ್ದಾಗ ಮೊದಲ ಸಲ ಅಟ್ಟ ಹತ್ತಿಸಿದರು. ಅತ್ತೆ ಕಾಯಿ ಕೊಟ್ಟಳು. ಕೆಳಗೆ ಚಿಕ್ಕಪ್ಪ ಕೈ ಚಾಚಿ ನಿಂತಿದ್ದ, ಅಂಗಳದಲ್ಲಿ ಕಾಯಿ ಸುಲಿಯುವ ಸಿದ್ದಣ್ಣ ತಲೆ ಎತ್ತಿ ನೋಡುತ್ತಿದ್ದ. "ಲ... ಲ... ಲ..." ಎಂದೆ. ಚಿಕ್ಕಪ್ಪ ತಾನೇ "ಲಾಭ!" ಎಂದು ಕೂಗಿ ಕಾಯಿ ಕಿತ್ತುಕೊಂಡ. "ಲಾಭಾನೇ ಬಾಯಿಂದ ಬರ್ದೆ ಹೋದ್ರೆ ವರ್ಷ ಉದ್ಧಾರ ಆದಂಗೇ," ಎಂದ. ಎಲ್ಲರೂ ನಕ್ಕರು. ಆ ವರ್ಷ ಮನೆಯಲ್ಲಿ ಹಸು ಸತ್ತರೂ, ಕೊಬ್ಬರಿಗೆ ಹುಳ ಬಿದ್ದರೂ ಎಲ್ಲರ ಕಣ್ಣು ಒಂದು ಸಲ ನನ್ನ ಬಾಯಿಯ ಮೇಲೆ ಬಂದು ಹೋಗುತ್ತಿತ್ತು.

ಮರುವರ್ಷ ನಾನು ಕಣಜದ ಹಿಂದೆ ಬಚ್ಚಿಟ್ಟುಕೊಂಡೆ. ಅತ್ತೆ ಹುಡುಕಿ ರಟ್ಟೆ ಹಿಡಿದು ಅಟ್ಟ ಹತ್ತಿಸಿದಳು. ಕಾಯಿ ಕೈಗಿಟ್ಟಳು. ಮತ್ತೆ ಅದೇ "ಲ... ಲ..." ಚಿಕ್ಕಪ್ಪನ ಬಾಯಿ ತೆರೆಯುವುದು ನನಗೆ ಮೇಲಿನಿಂದ ಕಂಡಿತು. ಅತ್ತೆ ಗದರಿದಳು:

"ಬಾಯ್ಮುಚ್ಚಲಾ! ಅವ್ಳೇ ಕೂಗ್ಲಿ. ಕಾಯಿ ಹನ್ನೊಂದು ತಿಂಗ್ಳು ಕಾದೈತೆ, ನಿಂಗೆ ಒಂದು ಗಳಿಗೆ ಕಾಯಕ್ಕಾಗಲ್ವಾ?"

"ನಮ್ಗೇನೂ ಅವಸ್ರ ಇಲ್ಲ ಕಣವ್ವ," ಎಂದು ಸಿದ್ದಣ್ಣ ಬೀಡಿ ಹಚ್ಚಿದ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಚಿಕ್ಕಪ್ಪ ಚಾಚಿದ ಕೈಯನ್ನು ಒಮ್ಮೆ ಇಳಿಸಿ ಮತ್ತೆ ಚಾಚಿದ. ಅತ್ತೆ ನನ್ನ ತುಟಿಯನ್ನು ನೋಡಲಿಲ್ಲ, ಕಣ್ಣನ್ನು ನೋಡುತ್ತಿದ್ದಳು, ಮುಖದಲ್ಲಿ ಕನಿಕರವೂ ಇರಲಿಲ್ಲ. ಕೊನೆಗೆ "ಲಾಭ" ಎಂದೆ. ಕಾಯಿ ಕೆಳಗೆ ಹೋಯಿತು. "ಎರಡು" ಸಲೀಸಾಗಿ ಬಂತು, "ನಾಲ್ಕು" ಮತ್ತೆ ಸಿಕ್ಕಿಕೊಂಡಿತು, ಮತ್ತೆ ಎಲ್ಲರೂ ಕಾದರು. ಉಗ್ಗು ಅಲ್ಲಿಗೆ ವಾಸಿಯಾಯಿತು ಅಂದುಕೊಳ್ಳಬೇಡಿ, ಏನೂ ಆಗಲಿಲ್ಲ. ಆದರೆ ಭೂಮಿಯ ಮೇಲೆ ಒಬ್ಬಳು ನನ್ನ ಮಾತು ಮುಗಿಯುವವರೆಗೆ ಕಾಯುತ್ತಾಳೆ ಎಂಬುದು ಗೊತ್ತಾಯಿತು. ಮದುವೆಯಾಗಿ ತಿಪಟೂರಿಗೆ ಬರುವವರೆಗೂ ನಾನು ಹೊಟ್ಟೆ ತುಂಬ ಮಾತಾಡಿದ್ದು ಅವಳ ಹತ್ತಿರ ಮಾತ್ರ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಮಾತು ಬರುತ್ತಿರಲಿಲ್ಲ. ಚಿಕ್ಕಪ್ಪನ ತಾರಸಿ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಒಂದು ಭಾನುವಾರ ನೋಡಲು ಹೋದೆ. ಹೊರಡುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡು "ಬ... ಬ..." ಎಂದಳು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು, ನಾನು ಗಡಿಯಾರ ನೋಡುತ್ತಿದ್ದೆ. "ಬಿಸ್ನೀರಾ ಅತ್ತೆ?" ಎಂದೆ. ತಲೆಯಾಡಿಸಿದಳು, ಅದಲ್ಲ. "ಬ... ಬ..." "ಬಟ್ಟೆ ಬದ್ಲಾಯಿಸ್ಬೇಕಾ?" ಅದೂ ಅಲ್ಲ. "ಬಸ್ಸಾ? ಹೂಂ ಕಣತ್ತೆ, ಬಸ್ಸಿಗೆ ಹೊತ್ತಾಯ್ತು, ಬರೋ ಭಾನ್ವಾರ ಬತ್ತೀನಿ ಬುಡು." ಅಷ್ಟುದ್ದದ ಮಾತನ್ನು ನಾನು ಒಂದು ಸಲವೂ ಉಗ್ಗದೆ ಹೇಳಿದೆ.

ಅತ್ತೆ ಬಾಯಿ ಮುಚ್ಚಿದಳು. ಕೈ ಬಿಟ್ಟಳು. ಆ ನೋಟ ನನಗೆ ಗೊತ್ತಿತ್ತು. ಅಟ್ಟದ ಮೇಲಿನಿಂದ ನಾನು ಚಿಕ್ಕಪ್ಪನನ್ನು ಹಾಗೆಯೇ ನೋಡಿದ್ದೆ. ಗೊತ್ತಿದ್ದೂ ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಗುರುವಾರ ಅವಳು ಹೋದಳು. ಏನು ಹೇಳಲಿಕ್ಕಿತ್ತೋ ಅದೂ ಅವಳ ಜೊತೆಗೇ ಹೋಯಿತು.

ಆ ಭಾನುವಾರ ಬಸ್ಸು ತಡವಾಗಿತ್ತು. ಊರ ಮುಂದಿನ ಕಲ್ಲಿನ ಮೇಲೆ ಕೂತು, ಒಂದಿಷ್ಟೂ ಬೇಸರಪಡದೆ, ನಾನು ಒಂದು ಗಂಟೆ ಬಸ್ಸಿಗೆ ಕಾದೆ.