ಜಾಡಿಯೂ ಬೇಕು, ಬಟ್ಟಲೂ ಬೇಕು

ಬೆಳಗಿನ ಆರು ಗಂಟೆ. ಎದುರಿನ ಬಸ್ ನಿಲ್ದಾಣದ ದೀಪಗಳು ಇನ್ನೂ ಆರಿಲ್ಲ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ, ನಿಂತರೆ ತಲೆ ತಾಗುವಷ್ಟೇ ಇರುವ ಜಾಗದಲ್ಲಿ, ಒಬ್ಬ ಹೆಂಗಸು ಮಡಿಸಿದ ಕಂಬಳಿಯ ಮೇಲೆ ಕಂದು ಬಣ್ಣದ ಪಿಂಗಾಣಿ ಜಾಡಿಯೊಂದನ್ನು ಇಟ್ಟುಕೊಂಡು ಅದರ ಬಾಯಿಂದ ಉಪ್ಪು ತೆಗೆಯುತ್ತಿದ್ದಾರೆ. ಒಂದೊಂದೇ ಚಮಚ. ಚಮಚ ಎಲ್ಲೂ ಜಾಡಿಗೆ ತಾಗುವುದಿಲ್ಲ. ಕೊನೆಯ ಹರಳುಗಳನ್ನು ಮೆದು ಬ್ರಷ್‌ನಿಂದ ಗುಡಿಸಿದ ಮೇಲೆ ಒಳಗಿನದು ಕಾಣುತ್ತದೆ: ಕುತ್ತಿಗೆಯಲ್ಲಿ, ಅಂಚಿನಿಂದ ಎರಡು ಬೆರಳು ಕೆಳಗೆ, ಬೋರಲಾಗಿ ಸಿಕ್ಕಿಕೊಂಡಿರುವ ಪುಟ್ಟ ಮರದ ಬಟ್ಟಲಿನ ತಳ.

ಆ ತಳವನ್ನು ಉಗುರಿನಿಂದ ತಟ್ಟುತ್ತಾರೆ. ಪಕ್ಕದ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತಿರುವ ಗಂಡ ತಲೆ ವಾಲಿಸುತ್ತಾರೆ.

"ಇನ್ನೊಂದ್ ಸಲ ತಟ್ಟು."

ಅವರು ತಟ್ಟುತ್ತಾರೆ.

"ಒಣಗಿದೆ ಕಣೇ. ಎಡಗಡೆ ಮಾತ್ರ ಇನ್ನೂ ಒಂಚೂರು ಗೊಣಗುತ್ತೆ, ನಿನ್ನ ಥರ."

"ಗೊಣಗೋರ ಕೈಯಲ್ಲೇ ಕೆಲಸ ಆಗೋದು. ಸುಮ್ನೆ ಕೇಳಿಸ್ಕೊಳ್ಳಿ."

ಈ ಬೀದಿಗೆಲ್ಲ ಈಕೆ 'ಬಿಡಿಸೋ ಅಕ್ಕ'. ಒಂದರೊಳಗೊಂದು ಕೂತು ಬಿಡದ ಲೋಟಗಳು, ಕಚ್ಚಿಕೊಂಡ ಮುಚ್ಚಳಗಳು, ಫ್ಲಾಸ್ಕಿನೊಳಗೆ ಬಾಗಿ ನಿಂತ ಚಮಚ, ಹೂದಾನಿಗೆ ಬಿದ್ದ ರಬ್ಬರ್ ಚೆಂಡು, ಹೀಗೆ ದಿನಕ್ಕೆ ಎಂಟು ಹತ್ತು ಸಾಮಾನು ಇವರ ಮುಂದೆ ಬಂದು ಕೂರುತ್ತವೆ. ಯಾವುದನ್ನೂ ಒಡೆಯದೆ, ಸೀಳದೆ, ಗೀರದೆ ಬಿಡಿಸಿ ಕೊಡುವುದು ಇವರ ಕೆಲಸ. ಇಂದು ಭಾನುವಾರ, ಅಂಗಡಿಗೆ ರಜ. ಆದರೂ ಬಾಗಿಲು ತೆರೆದಿದೆ. ಒಂಬತ್ತು ಗಂಟೆಯ ಬಸ್ಸಿಗೆ ಜಾಡಿಯ ಒಡತಿ ಬರುತ್ತಾರೆ. ಅಷ್ಟರೊಳಗೆ ಬಟ್ಟಲು ಹೊರಗೆ ಬರಬೇಕು.

ಜಾಡಿಯನ್ನು ತಂದವರು ಒಡತಿಯ ತಂಗಿ, ಪ್ರಾಥಮಿಕ ಶಾಲೆಯ ಟೀಚರ್. ಅಮ್ಮ ಉಪ್ಪು ತುಂಬಿಡುತ್ತಿದ್ದ ಜಾಡಿ ಅದು. ಬಟ್ಟಲು ಉಪ್ಪು ಅಳೆಯಲೆಂದು ಅಪ್ಪ ಕೈಯಾರೆ ಕೆತ್ತಿದ್ದು. ಅಮ್ಮ ತೀರಿಕೊಂಡ ಮೇಲೆ ಜಾಡಿ ಯಾರಿಗೆ ಎಂಬಲ್ಲಿ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗಿ, ಅಕ್ಕತಂಗಿ ನಾಲ್ಕು ವರ್ಷ ಮಾತು ಬಿಟ್ಟಿದ್ದರು. ಹೋದ ತಿಂಗಳು ಅಕ್ಕ ತಾನಾಗಿಯೇ ಬಂದು, 'ಒಂದು ತಿಂಗಳು ನಿನ್ನ ಹತ್ತಿರ ಇರಲಿ' ಎಂದು ಜಾಡಿ ಬಟ್ಟಲು ಎರಡನ್ನೂ ಇಟ್ಟು ಹೋದರು. ಟೀಚರ್ ಜಾಡಿಯನ್ನು ತೊಳೆದು ಒಣಗಿಸಿ, ಧೂಳು ಬೀಳದಿರಲಿ ಎಂದು ಬಟ್ಟಲನ್ನು ಬಾಯಿಗೆ ಬೋರಲು ಹಾಕಿ ಒತ್ತಿದರು. ಅದು ಜಾರಿ ಕೂತುಬಿಟ್ಟಿತು.

ಅಲ್ಲಿಗೇ ಬಿಟ್ಟಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಟೀಚರ್, ಸ್ಟೀಲ್ ಲೋಟ ಸಿಕ್ಕಿಕೊಂಡಾಗ ಎಲ್ಲರೂ ಮಾಡುವಂತೆ, ಬಿಸಿನೀರು ಹೊಯ್ದರು. ಬಿಡಲಿಲ್ಲವೆಂದು ಇಡೀ ರಾತ್ರಿ ನೀರು ನಿಲ್ಲಿಸಿದರು. ಮರ ನೀರು ಕುಡಿದು ಉಬ್ಬಿತು. ಬೆಳಿಗ್ಗೆ ನೋಡಿದರೆ ಜಾಡಿಯ ಕುತ್ತಿಗೆಯ ಒಳಬದಿಯಲ್ಲಿ, ಬಟ್ಟಲಿನ ಮೇಲುಗಡೆ, ಕೂದಲೆಳೆಯಂಥ ಒಂದು ಬಿರುಕು.

"ಸ್ಟೀಲಿನ ಬುದ್ಧಿನ ಮರಕ್ಕೆ ಹೇಳೋಕೆ ಹೋಗ್ತಾರೆ. ನನ್ನ ಹತ್ರ ಬರೋ ಅರ್ಧ ಸಾಮಾನು ಮನೇಲೇ ಔಷಧಿ ಕುಡಿದು ಬಂದಿರುತ್ತೆ. ನಾನು ಮೊದಲು ಆ ಔಷಧಿ ಇಳಿಸಬೇಕು," ಎನ್ನುತ್ತಾರೆ ಬಿಡಿಸೋ ಅಕ್ಕ.

ಗುರುವಾರ ಜಾಡಿ ಬಂದಾಗ ಇವರು ಅದನ್ನು ಮುಟ್ಟುವ ಮೊದಲು ಟೀಚರ್ ಕೈಯನ್ನು ನೋಡಿದರು. ಇದು ಇವರ ಪದ್ಧತಿ. ಸಿಕ್ಕಿಸಿದವರೇ, ಹೇಗೆ ಸಿಕ್ಕಿಸಿದರೋ ಹಾಗೇ, ಗಾಳಿಯಲ್ಲಿ ಮಾಡಿ ತೋರಿಸಬೇಕು. ಟೀಚರ್ ನಾಚಿಕೊಂಡು ಎಡಗೈ ಎತ್ತಿ ಗಾಳಿಯಲ್ಲಿ ಬಟ್ಟಲನ್ನು ಒತ್ತಿ ಒಂದು ಸುತ್ತು ತಿರುಗಿಸಿದರು. "ಓ, ನೀವು ಎಡಗೈಯವರಾ!" ಎಂದು ಇವರು ಆ ಕೈ ತಿರುಗಿದ ದಿಕ್ಕಿಗೆ ಸೀಮೆಸುಣ್ಣದಿಂದ ಬಟ್ಟಲಿನ ತಳದ ಮೇಲೆ ಬಾಣದ ಗುರುತು ಎಳೆದರು. ಬಿರುಕಿನ ತುದಿಗೆ ಪೆನ್ಸಿಲ್ಲಿನ ಅಡ್ಡಗೆರೆ ಹಾಕಿದರು. ಬಿರುಕು ಗೆರೆ ದಾಟಿದರೆ ಗೊತ್ತಾಗಬೇಕಲ್ಲ.

ಅಂದಿನಿಂದ ಉಪ್ಪಿನ ಚಿಕಿತ್ಸೆ. ಹುರಿದು ಆರಿಸಿದ ಉಪ್ಪನ್ನು ಬಟ್ಟಲಿನ ತಳದ ಮೇಲೆ ತುಂಬುವುದು, ಅದು ತೇವ ಎಳೆದುಕೊಂಡ ಮೇಲೆ ತೆಗೆದು ಹೊಸದು ತುಂಬುವುದು. ದಿನಕ್ಕೆ ನಾಲ್ಕು ಸಲ. ಬಿಸಿಲಿಗೆ ಇಡುವಂತಿಲ್ಲ, ಮರ ಅವಸರದಲ್ಲಿ ಒಣಗಿದರೆ ಸೀಳುತ್ತದೆ.

ಶನಿವಾರ ಸಂಜೆಯಾದರೂ ಬಟ್ಟಲು ಅಲುಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಬಡಗಿಯೊಬ್ಬ ಇಣುಕಿ ನೋಡಿ, "ಒಂದು ಉಳಿ ಕೊಡಿ, ಎರಡೇ ನಿಮಿಷ," ಎಂದ. ನೋಡಿಕೊಂಡು ಹೋಗಲು ಬಂದಿದ್ದ ಟೀಚರ್ ಧೈರ್ಯ ಅಲ್ಲಿಗೆ ಮುಗಿಯಿತು. "ಒಡೆದುಬಿಡಿ ಅಕ್ಕಾ. ಬಟ್ಟಲು ಹೋದರೆ ಹೋಗಲಿ, ಜಾಡಿ ಉಳಿದರೆ ಸಾಕು," ಎಂದರು.

ಬಿಡಿಸೋ ಅಕ್ಕ ಉಪ್ಪು ಹುರಿಯುವುದನ್ನು ನಿಲ್ಲಿಸಲಿಲ್ಲ. "ಜಾಡಿ ಅಮ್ಮಂದು, ಬಟ್ಟಲು ಅಪ್ಪ ಮಾಡಿದ್ದು ಅಂದ್ರಿ. ಯಾರನ್ನ ಒಡೀಲಿ ಹೇಳಿ? ಬೆಳಿಗ್ಗೆ ಏಳು ಗಂಟೆಗೆ ಬನ್ನಿ."

ಇವರಿಗೆ ಈ ಕೆಲಸವನ್ನು ಕಲಿಸಿದ್ದು ಗಂಡ. ಅವರು ಪಾತ್ರೆ ರಿಪೇರಿಯವರು. ಬೆಸುಗೆ, ಕುಕ್ಕರ್ ಹಿಡಿ, ಎಲ್ಲ ಮಾಡುತ್ತಿದ್ದರು. ಹದಿನಾಲ್ಕು ವರ್ಷದ ಹಿಂದೆ ಕೈ ನಡುಗಲು ಶುರುವಾಯಿತು. ಹಾಸ್ಟೆಲ್ಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಇವರು ಆ ಕೆಲಸ ಬಿಟ್ಟು ಬಂದು ಮೆಟ್ಟಿಲ ಕೆಳಗೆ ಕೂತರು. "ಮೊದಲ ವಾರ ಇವರು ಹೇಳೋದು, ನಾನು ಮಾಡೋದು. ಇವರಿಗೋ ಸಿಟ್ಟು, ನನಗೋ ಅಳು. ಆಮೇಲೆ ಗೊತ್ತಾಯ್ತು, ಇವರ ಕೈ ಹೋಗಿದೆ, ಕಿವಿ ಹೋಗಿಲ್ಲ ಅಂತ." ಈಗ ತಟ್ಟುವುದು ಹೆಂಡತಿ, ಕೇಳುವುದು ಗಂಡ. ಹಸಿಮರ, ಒಣಮರ, ಒಳಬಿರುಕು, ಎಲ್ಲವನ್ನೂ ಅವರು ಸದ್ದಿನಲ್ಲೇ ಹೇಳುತ್ತಾರೆ.

"ಇವಳು ಎಲ್ಲಾನೂ ಬಿಡಿಸಿದಾಳೆ. ಸಿಕ್ಕಿಹಾಕ್ಕೊಂಡು ಹಾಗೇ ಉಳಿದಿರೋದು ನಾನೊಬ್ಬನೇ," ಎಂದು ಅವರು ನಗುತ್ತಾರೆ.

"ನಿಮ್ಮನ್ನ ಬಿಡಿಸಿ ಕೊಡಿ ಅಂತ ಯಾರಾದ್ರೂ ಬಂದು ಕೇಳಿದ್ರೆ ತಾನೇ!"

ಏಳು ಗಂಟೆಗೆ ಟೀಚರ್ ಬರುತ್ತಾರೆ. ರಾತ್ರಿ ನಿದ್ದೆ ಮಾಡಿಲ್ಲವೆಂದು ಕಣ್ಣೇ ಹೇಳುತ್ತದೆ. ಬಿಡಿಸೋ ಅಕ್ಕ ಅರಗು ಕರಗಿಸಿ, ಗಟ್ಟಿ ಬಟ್ಟೆಯ ಪಟ್ಟಿಯೊಂದನ್ನು ಹಿಡಿಯಂತೆ ಬಾಗಿಸಿ ಬಟ್ಟಲಿನ ತಳಕ್ಕೆ ಅಂಟಿಸುತ್ತಾರೆ. ಅರಗು ಆರಲು ಬಿಡುತ್ತಾರೆ. ಎಡಗಡೆಯ ಗೊಣಗಾಟಕ್ಕೆಂದು ಅಲ್ಲಿ ಮಾತ್ರ ಇನ್ನೊಂದು ಹಿಡಿ ಉಪ್ಪು, ಇನ್ನೊಂದು ಗಂಟೆಯ ಕಾಯುವಿಕೆ. ಗಡಿಯಾರ ಎಂಟೂಕಾಲು ತೋರಿಸುತ್ತದೆ. ಬಿರುಕು ಪೆನ್ಸಿಲ್ ಗೆರೆಯ ಈಚೆಗೇ ಇದೆ.

ಉಪ್ಪನ್ನು ಗುಡಿಸಿ ಮತ್ತೊಮ್ಮೆ ತಟ್ಟುತ್ತಾರೆ. ಗಂಡ ಕಣ್ಣು ತೆರೆಯುತ್ತಾರೆ. "ಈಗ."

"ತಡೀರಿ, ಬಸ್ಸು."

ರಸ್ತೆಯಲ್ಲಿ ಬಸ್ಸು ಹಾದುಹೋಗುತ್ತದೆ. ಕಪಾಟಿನ ಲೋಟಗಳು ಸಣ್ಣಗೆ ನಡುಗಿ ನಿಲ್ಲುತ್ತವೆ. ಆಮೇಲೆ ಇವರು ಎಡಗೈಯಿಂದ ಜಾಡಿಯ ಕುತ್ತಿಗೆಯನ್ನು ತಬ್ಬಿ, ಬಲಗೈಯಿಂದ ಪಟ್ಟಿ ಹಿಡಿದು, ಬಾಣದ ಗುರುತಿಗೆ ಎದುರಾಗಿ ತಿರುಗಿಸುತ್ತಾರೆ. ಎಳೆಯುವುದಿಲ್ಲ, ತಿರುಗಿಸುವುದಷ್ಟೆ. ಮುಂಗೈಯ ನರ ಉಬ್ಬುತ್ತದೆ. ಏನೂ ಆಗುವುದಿಲ್ಲ. ಕೈ ಸಡಿಲಿಸಿ, ಸೀರೆಗೆ ಒರೆಸಿಕೊಂಡು, ಮತ್ತೆ. ಟೀಚರ್ ಗೋಡೆಯ ಕಡೆ ತಿರುಗಿ ನಿಲ್ಲುತ್ತಾರೆ. ಐದನೆಯ ಸಲ ಬಟ್ಟಲು ಕಿರ್ ಎನ್ನುತ್ತದೆ.

"ಬಂದ್ಳು ಬಟ್ಟಲಮ್ಮ," ಎನ್ನುತ್ತಾರೆ ಗಂಡ.

ಮೊದಲು ಕೂದಲೆಳೆಯಷ್ಟು ಮೇಲೇಳುತ್ತದೆ, ಆಮೇಲೆ ಬೆರಳಿನಷ್ಟು. ಕೊನೆಗೆ ಬಟ್ಟಲು ಇಡಿಯಾಗಿ ಹೊರಗೆ. ಬಿಸಿಬಟ್ಟೆ ಒತ್ತಿ ಅರಗನ್ನು ಬಿಡಿಸಿ, ಎರಡನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತುತ್ತಾರೆ. "ಜೊತೇಲಿರಲಿ, ಒಂದರ ಬಾಯಿಗೆ ಇನ್ನೊಂದು ಬೇಡ."

ಟೀಚರ್ ಎರಡನ್ನೂ ಎದೆಗವಚಿಕೊಳ್ಳುತ್ತಾರೆ. "ಬಿರುಕು ಒಳಗಡೆಗೆ ಇದೆ. ಅಕ್ಕನಿಗೆ ಕಾಣಲಿಕ್ಕಿಲ್ಲ. ಹೇಳಲಾ, ಬೇಡವಾ?"

"ಬಿಡಿಸೋದಷ್ಟೇ ನನ್ನ ಕೆಲಸ. ಮುಚ್ಚೋದು ನನಗೆ ಬರಲ್ಲ ಟೀಚರ್."

ಒಂಬತ್ತಕ್ಕೆ ಬಸ್ಸು ಬರುತ್ತದೆ. ಕೈಚೀಲ ಹಿಡಿದ ಹಿರಿಯ ಹೆಂಗಸೊಬ್ಬರು ಇಳಿಯುತ್ತಾರೆ. ಟೀಚರ್ ರಸ್ತೆ ದಾಟಿ ಹೋಗಿ, ಕಲ್ಲುಬೆಂಚಿನ ಮೇಲೆ ಜಾಡಿಯನ್ನು ಇಟ್ಟು ಬಟ್ಟೆ ಬಿಚ್ಚುತ್ತಾರೆ. ಅವರ ಮಾತು ಇಲ್ಲಿಗೆ ಕೇಳಿಸುವುದಿಲ್ಲ. ಆದರೆ ಟೀಚರ್ ಎಡಗೈ ಮೇಲೇಳುವುದು ಕಾಣುತ್ತದೆ. ಗಾಳಿಯಲ್ಲಿ ಒಮ್ಮೆ ಒತ್ತಿ, ಒಂದು ಸುತ್ತು ತಿರುಗಿಸುತ್ತದೆ. ಅಕ್ಕ ಆ ಕೈಗೇ ಪಟ್ಟನೆ ಒಂದೇಟು ಹಾಕುತ್ತಾರೆ. ಹಾಕಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮೆಟ್ಟಿಲ ಕೆಳಗೆ ಬಿಡಿಸೋ ಅಕ್ಕ ಕಂಬಳಿ ಕೊಡವುತ್ತಿದ್ದಾರೆ. ಕಪಾಟಿನಲ್ಲಿ ಮುಷ್ಟಿಯಷ್ಟೇ ಇರುವ ಪುಟ್ಟ ಡಬ್ಬಿಯೊಂದಿದೆ. ಅದರಲ್ಲಿ ಹದಿನಾಲ್ಕು ವರ್ಷದಲ್ಲಿ ಇವರ ಕೈಯಲ್ಲಿ ಒಡೆದುಹೋದ ಸಾಮಾನುಗಳ ಒಂದೊಂದು ಚೂರು. ಒಂದು ದೀಪದ ಗಾಜಿನದು, ಒಂದು ಹೂದಾನಿಯದು. "ಮೂರನೇದು ನಮ್ಮ ಮನೆ ಹೂಜಿದೇ," ಎಂದು ಗಂಡ ಸೇರಿಸುತ್ತಾರೆ.

ಇವರು ಡಬ್ಬಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ.

"ಇನ್ನೂ ಮೂರೇ. ಡಬ್ಬಿ ಚಿಕ್ಕದು, ನಾಲ್ಕನೇದಕ್ಕೆ ಇದರಲ್ಲಿ ಜಾಗ ಇಲ್ಲ. ದೊಡ್ಡ ಡಬ್ಬಿ ನಾನು ತರೋದೂ ಇಲ್ಲ."