ಚೆನ್ನೆಮಣೆ ಅಟ್ಟ ಸೇರದ ವರ್ಷ

ಗಾಳಿಬೀಡಿನ ಮದುವೆಗಳಲ್ಲಿ ಶೋಭಾನೆ ಹಾಡಲು ಹೊನ್ನಮ್ಮನನ್ನೇ ಕರೆಯುತ್ತಿದ್ದರು. 1958ರ ಬೇಸಿಗೆಯಲ್ಲಿ ವಿಷಮಶೀತ ಜ್ವರದಿಂದ ಎದ್ದ ಮೇಲೆ ಆಕೆಗೆ ಹಾಡಿನ ಸಾಲುಗಳು ನಡುವೆಯೇ ಮರೆತುಹೋಗತೊಡಗಿದವು. ಮಾರ್ಗಶಿರದಲ್ಲಿ ಕಿರಿಮಗಳ ಮದುವೆ ಗೊತ್ತಾಗಿತ್ತು. ಅಲ್ಲಿ ತಾನೇ ಹಾಡಬೇಕೆಂಬುದು ಆಕೆಯ ಹಟ.

ಜಡಿಮಳೆಯ ಆಟಿ ತಿಂಗಳಲ್ಲಿ ಸೊಸೆ ನೀಲಾವತಿ ವಾಡಿಕೆಯಂತೆ ಅಟ್ಟದಿಂದ ಚೆನ್ನೆಮಣೆ, ಆ ಗುಳಿಗಳ ಮರದ ಹಲಗೆ, ಇಳಿಸಿದಳು. ಯಾವ ಗುಳಿಯಲ್ಲಿ ಎಷ್ಟು ಕಾಯಿ ಇದೆಯೆಂದು ನೆನಪಿಟ್ಟೇ ಆಡುವ ಆಟ ಅದು. ಮೊದಮೊದಲು ಹೊನ್ನಮ್ಮ ಸೊಸೆಗೆ ಸೋತಳು. ಆಮೇಲೆ ಗುಳಿಗೊಂದು ಕಾಯಿ ಹಾಕುತ್ತ, ಕಾಯಿಗೊಂದು ಸಾಲು ಹಾಡತೊಡಗಿದಳು. ಸಾಲು ಮರೆತರೆ ಕೈ ನಿಲ್ಲುತ್ತಿತ್ತು. ನೆನಪಾದ ಮೇಲೆಯೇ ಮುಂದಿನ ಗುಳಿ.

ಆಟಿ ಕಳೆದ ಮೇಲೆ ಮಣೆ ಮುಟ್ಟಬಾರದೆಂಬುದು ಪದ್ಧತಿ.

"ಆಟಿ ಮುಗ್ತಲ್ಲಾ ಅತ್ತೆ, ಮಣೆ ಅಟ್ಟಕ್ಕೆ ಏರ್ಸೊಕು," ಎಂದಳು ನೀಲಾವತಿ.

"ನನ್ನ ಹಾಡ್‌ನೂ ಅದ್ರೊಟ್ಟಿಗೆ ಏರ್ಸುದಾ? ಸೋಲ್ವ ಹೆದ್ರಿಕೆ ನಿಂಗೆ!"

ಮಣೆ ಕೆಳಗೇ ಉಳಿಯಿತು.

ಧಾರೆಯ ದಿನ ಹೊನ್ನಮ್ಮ ಒಂದು ಸಾಲೂ ತಪ್ಪದೆ ಹಾಡಿದಳು. ಹಾಡು ನಡೆದಿರುವಾಗಲೇ, ಚೆನ್ನೆಯಾಟದಿಂದ ನೆನಪು ಮರಳುತ್ತದೆಯೇ ಎಂದು ಕೇಳಿದ ನೆಂಟರಿಗೆ ನೀಲಾವತಿ ಅತ್ತೆಯ ಮಡಿಲು ತೋರಿಸಿದಳು. ಅಲ್ಲಿ ಬೆರಳುಗಳು, ಇಲ್ಲದ ಗುಳಿಗಳಿಗೆ, ಸಾಲಿಗೊಂದು ಕಾಯಿ ಹಾಕುತ್ತಲೇ ಇದ್ದವು.