ಇಕ್ರಾಮುದ್ದೀನನ ಎಸಳು

ಆಗ್ರಾದಲ್ಲಿ ಗೈಡುಗಳಿಗೆ ಬರವಿಲ್ಲ. ಟಿಕೆಟ್ ಕಿಟಕಿಯ ಮುಂದೆ ನಿಂತು ಸುಮ್ಮನೆ ಕೆಮ್ಮಿದರೂ ನಾಲ್ಕು ಜನ ಬಂದು ಮುತ್ತಿಕೊಳ್ಳುತ್ತಾರೆ. ಒಬ್ಬೊಬ್ಬನ ಬಾಯಲ್ಲೂ ಒಂದೊಂದು ಇತಿಹಾಸ. ತಾಜಿನಲ್ಲಿ ಮಲಗಿರುವ ಬೇಗಂ ಸಾಹೇಬೆ ಒಬ್ಬನ ಪ್ರಕಾರ ಹದಿನಾಲ್ಕು ಮಕ್ಕಳನ್ನು ಹೆತ್ತರೆ ಇನ್ನೊಬ್ಬನ ಪ್ರಕಾರ ಹದಿನೇಳು. ಭಕ್ಷೀಸು ಹೆಚ್ಚುವ ಸೂಚನೆ ಕಂಡರೆ ಮಕ್ಕಳೂ ಹೆಚ್ಚುತ್ತಾರೆ. ಇಂಥವರ ನಡುವೆ ಇಕ್ರಾಮುದ್ದೀನನಂತೆ ತೋರಿಸುವವನು ಮತ್ತೊಬ್ಬನಿಲ್ಲ ಎಂದು ಅವನ ಎದುರಾಳಿಗಳೇ ಒಪ್ಪುತ್ತಾರೆ, ಅವನು ಹತ್ತಿರದಲ್ಲಿ ಇಲ್ಲದಾಗ.

ಗುಂಪು ಕಟ್ಟಿಕೊಂಡು ಕೊಡೆ ಎತ್ತಿ ನಡೆಯುವ ಕೆಲಸ ಅವನದಲ್ಲ. ದಿನಕ್ಕೆ ಒಂದೇ ಕುಟುಂಬ, ಇಲ್ಲವೇ ಒಬ್ಬರೇ ಅತಿಥಿ. ನಸುಕಿಗೆ ತಾಜ್, ಬಿಸಿಲೇರಿದ ಮೇಲೆ ಕೋಟೆ, ಸಂಜೆಗೆ ಯಮುನೆಯಾಚೆಯ ಇತ್ಮಾದುದ್ದೌಲಾ ಗೋರಿ. ಮೂವತ್ತೊಂದು ವರ್ಷದಿಂದ ಈ ಸರದಿ ಬದಲಾಗಿಲ್ಲ. ತಾಜಿನ ದೊಡ್ಡ ಬಾಗಿಲಿನ ಕತ್ತಲಲ್ಲಿ ಅತಿಥಿಯನ್ನು ನಿಲ್ಲಿಸಿ, ‘ತಲೆ ಬಗ್ಗಿಸಿ, ನನ್ನ ಹಿಮ್ಮಡಿ ನೋಡ್ತಾ ಬನ್ನಿ. ನಾನು ಹೇಳೋವರೆಗೂ ಎತ್ತಬಾರದು,’ ಎನ್ನುತ್ತಾನೆ. ಹದಿನೆಂಟು ಹೆಜ್ಜೆ. ಆಮೇಲೆ ಪಕ್ಕಕ್ಕೆ ಸರಿದು ‘ಈಗ’ ಎನ್ನುತ್ತಾನೆ, ಅಷ್ಟೇ. ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡಿರುವುದೇ ಅವನ ವಿದ್ಯೆ. ಕಬ್ಬಿಣದ ವ್ಯಾಪಾರಿಯೊಬ್ಬ ಅಲ್ಲೇ ಚಪ್ಪಲಿ ಬಿಟ್ಟು ಕೈಮುಗಿದಿದ್ದ. ಮದುವೆಯಾದ ಮೂರನೇ ದಿನಕ್ಕೇ ಮುನಿಸಿಕೊಂಡು ಬಂದಿದ್ದ ಜೋಡಿಯೊಂದು ತಲೆ ಎತ್ತಿ ನೋಡಿ, ತಮಗೇ ಗೊತ್ತಿಲ್ಲದೆ ಕೈ ಕೈ ಹಿಡಿದುಕೊಂಡಿತ್ತು. ಅವರೊಂದಿಗೆ ಇಕ್ರಾಮನೂ ತಲೆ ಎತ್ತುತ್ತಾನೆ. ದಿನಾ ನೋಡುವವನಿಗೆ ಅದರಲ್ಲೇನಿದೆ ಎಂದು ಕೇಳಬೇಡಿ. ದಿನವೂ ಅವನ ಎದೆ ಝಲ್ಲೆನ್ನುತ್ತದೆ. ಅಷ್ಟು ದೊಡ್ಡದು ಅಷ್ಟು ಹಗುರಾಗಿ ಹೇಗೆ ನಿಂತಿತು ಎಂಬುದು ಅವನಿಗೆ ಇವತ್ತಿಗೂ ಬಗೆಹರಿದಿಲ್ಲ.

ಆದರೆ ಅವನ ಹೆಮ್ಮೆಯೆಲ್ಲ ಇದ್ದದ್ದು ಸಂಜೆಯ ಗೋರಿಯಲ್ಲಿ. ಅದರ ಪಶ್ಚಿಮದ ಗೋಡೆಯಲ್ಲಿ, ಕಮಾನಿನ ಪಕ್ಕ, ಎದೆಯೆತ್ತರಕ್ಕೆ ಹೂಗಳ ಸಾಲೊಂದಿದೆ. ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲು ಕೂರಿಸಿ ಮಾಡಿದ ಹೂಗಳು. ಮೂರನೆಯ ಹೂವಿನ ಎಡದ ಎಸಳು ಜೇನಿನ ಬಣ್ಣದ್ದು, ಉಗುರಿನಷ್ಟು ದೊಡ್ಡದು. ಅದರ ಮೇಲೆ ಟಾರ್ಚು ಬಿಟ್ಟು ಅವನು ದನಿ ಇಳಿಸಿ ಹೇಳುತ್ತಿದ್ದ: ‘ಇದು ನಾನು ಮಾಡಿದ್ದು.’

ಗೈಡಿನ ಬುರುಡೆ ಎನ್ನಬೇಡಿ. ಗೈಡಿನ ಬಿಲ್ಲೆ ತಗಲಿಸಿಕೊಳ್ಳುವ ಮೊದಲು ಅವನು ತಾಜ್‌ಗಂಜ್‌ನಲ್ಲಿ ಉಸ್ತಾದರೊಬ್ಬರ ಕೈಕೆಳಗೆ ಹತ್ತು ವರ್ಷ ಕಲ್ಲು ಅರೆದವನು. ಎಡಗೈಯಲ್ಲಿ ಬಿಲ್ಲು ಎಳೆಯುತ್ತ ಸಾಣೆ ತಿರುಗಿಸಬೇಕು, ಬಲಗೈಯಲ್ಲಿ ಅಕ್ಕಿಕಾಳಿನಷ್ಟು ಕಲ್ಲನ್ನು ಅದಕ್ಕೆ ಒತ್ತಬೇಕು, ಉಗುರು ಸವೆದರೂ ಬಿಡುವ ಹಾಗಿಲ್ಲ. ಅವನಿಗೆ ಇಪ್ಪತ್ತೆರಡು ತುಂಬಿದಾಗ, ಗೋರಿಯ ಗೋಡೆಯಿಂದ ಉದುರಿದ್ದ ಕಲ್ಲುಗಳನ್ನು ಮತ್ತೆ ಕೂರಿಸುವ ಕೆಲಸ ಉಸ್ತಾದರಿಗೆ ಬಂತು. ಒಂದೇ ಒಂದು ಎಸಳನ್ನು ಅವರು ಇಕ್ರಾಮನಿಗೆ ಬಿಟ್ಟರು. ಅವನು ಅರೆದುಕೊಟ್ಟ ಹನ್ನೊಂದು ಎಸಳುಗಳನ್ನು ಮಾತಿಲ್ಲದೆ ನೆಲಕ್ಕೆ ಹಾಕಿದರು. ಹನ್ನೆರಡನೆಯದನ್ನು ಮಾತಿಲ್ಲದೆ ಗೋಡೆಗೆ ಕೂರಿಸಿದರು. ಶಾಭಾಸ್ ಎನ್ನಲಿಲ್ಲ, ಹೂಂ ಕೂಡ ಎನ್ನಲಿಲ್ಲ. ಆ ಒಂದು ಮಾತಿಗಾಗಿ ಇಕ್ರಾಮ ಎರಡು ತಿಂಗಳು ಕಾದ. ಆಮೇಲೆ ಮನಸ್ಸು ಮುರಿದು, ಇಂಗ್ಲಿಷ್ ಕಲಿಯಲು ಹೊರಟ.

‘ಹೋಗು. ನಿನ್ನ ಕೈಗಿಂತ ನಾಲಿಗೆ ಚೂಪು,’ ಎಂದಿದ್ದರು ಉಸ್ತಾದರು.

ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಈದ್ ದಿನ ಹೋಗಿ ಸಲಾಂ ಹೇಳಿ, ಕೊಟ್ಟ ಶಾವಿಗೆ ತಿಂದು ಬರುತ್ತಿದ್ದ. ಹೆಚ್ಚಿನ ಮಾತು ಇಬ್ಬರಲ್ಲೂ ಇರಲಿಲ್ಲ. ತಾನೂ ಒಂದು ಕಾಲಕ್ಕೆ ಕಸುಬುದಾರನಾಗಿದ್ದೆ ಎನ್ನುವುದಕ್ಕೆ ಅವನ ಹತ್ತಿರ ಇದ್ದ ಸಾಕ್ಷಿ ಆ ಎಸಳೊಂದೇ. ಅದರ ಫೋಟೋಗೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದ. ‘ಹೆತ್ತಪ್ಪನ ಫೋಟೋ ಪೆಟ್ಟಿಗೇಲಿದೆ, ಎಸಳಿನ ಫೋಟೋ ಗೋಡೆ ಮೇಲಿದೆ,’ ಎಂದು ಹೆಂಡತಿ ಬಿಲ್ಕೀಸ್ ಬಂದವರೆದುರು ಆಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಫೆಬ್ರುವರಿಯ ಒಂದು ಶನಿವಾರ ಅವನ ಪಾಲಿಗೆ ಬಂದವರು ನವಸಾರಿಯ ಫ್ರೇನಿ ದಾರೂಖಾನಾವಾಲಾ. ಎಪ್ಪತ್ತೊಂದು ವರ್ಷದ ಪಾರ್ಸಿ ಹೆಂಗಸು. ನಲವತ್ನಾಲ್ಕು ವರ್ಷ ಜನರ ಹಲ್ಲು ಕಿತ್ತು, ಕಟ್ಟಿ, ಈಗ ಬಿಡುವಾದವರು. ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲಿ ಕೋಲು, ಮಾತು ಖಡಕ್ಕು.

‘ನನ್ನ ಕುತ್ತಿಗೆ ಮೊದಲೇ ಹಿಡ್ಕೊಂಡಿದೆ, ಇಕ್ರಾಮ್ ಭಾಯ್. ನೀವು ಎತ್ತಿ ಅಂದಾಗ ಏಳದೇ ಹೋದ್ರೆ?’ ಎಂದರು, ತಲೆ ಬಗ್ಗಿಸಿ ನಡೆಯುತ್ತ.

‘ಏಳ್ತದೆ ಡಾಕ್ಟರ್ ಬಾಯಿ. ಇದುವರೆಗೂ ಯಾರ ತಲೆಯೂ ಕೆಳಗೇ ಉಳಿದಿಲ್ಲ. ಈಗ.’

ಎತ್ತಿದರು. ಕೋಲು ಕೈಯಿಂದ ಜಾರಿ ಕಲ್ಲುಹಾಸಿನ ಮೇಲೆ ಬಿತ್ತು. ನಸುಕಿನ ಮಂಜಿನಲ್ಲಿ ಗುಮ್ಮಟ ಇನ್ನೂ ನೆಲಕ್ಕೆ ಇಳಿದಿರಲಿಲ್ಲ. ‘ಅಯ್ಯೋ, ಇದನ್ನ ನೋಡದೇ ಸತ್ತುಹೋಗಿದ್ರೆ ನಾನು!’ ಎಂದರು. ಕೋಲನ್ನು ಇಕ್ರಾಮನೇ ಎತ್ತಿಕೊಟ್ಟ.

ಒಳಗೆ ಅವನು ಕೆಂಪು ಹೂವಿನ ಮೇಲೆ ಟಾರ್ಚು ಬಿಟ್ಟಾಗ ಕಲ್ಲು ಕೆಂಡದಂತೆ ಹೊತ್ತಿಕೊಂಡಿತು. ಫ್ರೇನಿಬಾಯಿ ಚೀಲದಿಂದ ಪುಟ್ಟ ಭೂತಗನ್ನಡಿ ತೆಗೆದು ಕಣ್ಣಿಗೆ ಒತ್ತಿಕೊಂಡರು. ಹಲ್ಲು ನೋಡಲು ಬಳಸುತ್ತಿದ್ದುದಂತೆ.

‘ಒಂದು ಹೂವಿಗೇ ಇಷ್ಟು ಚೂರಾ? ಸಂದು ಎಲ್ಲಿ, ಇಕ್ರಾಮ್ ಭಾಯ್?’

‘ಇದಾವೆ ಬಾಯಿ. ಕಾಣೋದಿಲ್ಲ ಅಷ್ಟೆ.’

‘ಸಂದು ಕಾಣದ ಹಾಗೆ ಮಾಡೋಕೆ ಜೀವಮಾನ ಎಲ್ಲ ಒದ್ದಾಡಿದೀನಿ ನಾನು. ಅದೂ ಒಂದು ಹಲ್ಲು, ಹತ್ತು ವರ್ಷ ಬಾಳ್ಲಿ ಅಂತ. ಇವರೇನು ಮನುಷ್ಯರಾ?’ ಎಂದು ಕನ್ನಡಿ ಇಳಿಸಿದರು.

ಕೋಟೆಯ ಬುರುಜಿನಲ್ಲಿ ನಿಂತಿದ್ದಾಗ ಎಲ್ಲರೂ ಕೇಳುವ ಪ್ರಶ್ನೆಯನ್ನು ಅವರೂ ಕೇಳಿದರು. ಕೆಲಸ ಮುಗಿದ ಮೇಲೆ ಬಾದಶಹ ಕಸುಬಿನವರ ಕೈ ಕಡಿಸಿದನಂತೆ, ಹೌದೇ? ಬೇರೆ ಗೈಡುಗಳು ಈ ಕಥೆಗೆ ಕಣ್ಣೀರು ಬೆರೆಸಿ ಬಡಿಸುತ್ತಾರೆ. ಇಕ್ರಾಮನಿಗೆ ಮೈ ಉರಿಯುತ್ತದೆ.

‘ನಮ್ಮ ಗಲ್ಲಿಗೆ ಬಂದು ನೋಡಿ ಬಾಯಿ. ಎಲ್ಲರಿಗೂ ಎರಡೆರಡು ಕೈ ಇದಾವೆ. ಅಜ್ಜಂದಿರ ಕೈ ಕಡಿದಿದ್ರೆ ಮೊಮ್ಮಕ್ಕಳಿಗೆ ಈ ಕೆಲಸ ಕಲಿಸಿದ್ದು ಹೇಗೆ, ಕಾಲಲ್ಲಾ?’

ಇಳಿಬಿಸಿಲಿಗೆ ಇಬ್ಬರೂ ಗೋರಿಗೆ ಬಂದರು. ಗೋಡೆಯೆಲ್ಲ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಇಕ್ರಾಮ ಎಂದಿನಂತೆ ಮೂರನೆಯ ಹೂವಿನ ಮುಂದೆ ನಿಂತು, ಟಾರ್ಚು ಬಿಟ್ಟು, ದನಿ ಇಳಿಸಿ ತನ್ನ ಮಾತು ಹೇಳಿದ. ಫ್ರೇನಿಬಾಯಿ ಖುಷಿಯಿಂದ ಕನ್ನಡಿ ಹಿಡಿದು ಬಾಗಿದರು. ನೋಡಿದರು. ಪಕ್ಕದ ಎಸಳನ್ನು ನೋಡಿದರು. ಮತ್ತೆ ಇದಕ್ಕೇ ಬಂದರು.

‘ಇದು ನೀವು ಮಾಡಿದ್ದಲ್ಲ,’ ಎಂದರು.

‘ಏನಂದ್ರಿ?’

‘ಹಲ್ಲಿನ ವಿಷಯಕ್ಕೆ ಬಂದ್ರೆ ನಾನು ಯಾರ ಮುಲಾಜೂ ನೋಡಲ್ಲ. ಇದು ಹುಟ್ಟಿನದು, ಕಟ್ಟಿಸಿದ್ದಲ್ಲ. ಅಂಚು ನೋಡಿ, ಅಕ್ಕಪಕ್ಕದವುಗಳ ಹಾಗೇ ಸವೆದಿದೆ. ಈ ಹಳೇ ಗೀರು ಇದರಿಂದ ಪಕ್ಕದ ಎಸಳಿಗೆ ಎಲ್ಲೂ ತುಂಡಾಗದೆ ಹೋಗಿದೆ. ನೂರಾರು ವರ್ಷದಿಂದ ಒಟ್ಟಿಗೇ ಇವೆ ಇವು.’

‘ಬಣ್ಣ ಬೇರೆ ಇದೆಯಲ್ಲ ಬಾಯಿ! ಉಳಿದವುಗಳಿಗಿಂತ ಒಂದು ಚೂರು ಕಪ್ಪು. ಅದರಿಂದ ತಾನೇ ನನಗೆ ಗುರುತು ಸಿಕ್ಕಿದ್ದು?’

‘ಬಣ್ಣ ಕಲ್ಲಿನ ಗುಣ. ಅಂದ್ರೆ, ಜಾಗ ನಿಮಗೆ ನೆನಪಿರಲಿಲ್ವಾ?’

ಇಕ್ರಾಮನಿಗೆ ನೆನಪಿರಲಿಲ್ಲ, ನಿಜ. ಉಸ್ತಾದರನ್ನು ಬಿಟ್ಟ ಮೇಲೆ ಸಿಟ್ಟಿನಲ್ಲಿ ಆರು ವರ್ಷ ಅವನು ಈ ಗೋರಿಯೊಳಗೆ ಕಾಲಿಟ್ಟಿರಲಿಲ್ಲ. ಆ ದಿನಗಳಲ್ಲಿ ಅತಿಥಿಗಳನ್ನು ಬಾಗಿಲಲ್ಲೇ ಬಿಟ್ಟು ಹೊರಗೆ ಕಾಯುತ್ತಿದ್ದ. ಒಳಗೆ ಬರುವ ಹೊತ್ತಿಗೆ ಕೆಲಸಕ್ಕೆಂದು ಕಟ್ಟಿದ್ದ ಬಿದಿರಿನ ಅಟ್ಟಣಿಗೆ ಇರಲಿಲ್ಲ. ಕಮಾನಿನ ಎರಡೂ ಪಕ್ಕ ಒಂದೇ ಥರ, ಸಾಲು ಸಾಲೂ ಒಂದೇ ಥರ. ಹೊಂದದೇ ಇರುವ ಎಸಳಿಗಾಗಿ ಹುಡುಕಿದ. ಒಂದು ಸಿಕ್ಕಿತು. ಇದೇ ಎಂದುಕೊಂಡ. ಇಪ್ಪತ್ತೈದು ವರ್ಷ ಅದರ ಮೇಲೆ ಆಣೆಯಿಟ್ಟ.

‘ಕೊಡಿ ಅದನ್ನ,’ ಎಂದು ಕನ್ನಡಿ ಇಸಿದುಕೊಂಡ. ಮೊದಲನೆಯ ಹೂವಿನಿಂದ ಶುರು ಮಾಡಿದ. ಆ ಕಡೆಯಿಂದ ಫ್ರೇನಿಬಾಯಿ ಕನ್ನಡಕ ಏರಿಸಿಕೊಂಡು ಬೆರಳಾಡಿಸುತ್ತ ಬಂದರು. ಇಷ್ಟು ವರ್ಷ ಒಂದೇ ಎಸಳಿಗೆ ಟಾರ್ಚು ಬಿಟ್ಟವನು ಉಳಿದ ಹೂಗಳನ್ನು ಹತ್ತಿರದಿಂದ ನೋಡಿದ್ದು ಅಂದೇ ಮೊದಲು. ಕನ್ನಡಿಯೊಳಗೆ ಒಂದೊಂದು ಎಸಳೂ ತಟ್ಟೆಯಷ್ಟಾಗಿ ಎದ್ದು ಬಂತು. ಎಳೆ ಎಲೆಯ ಬೆನ್ನಿನ ನಸುಹಸಿರಿಗೆಂದೇ ಯಾವನೋ ಕಲ್ಲಿನ ಒಂದು ಮೂಲೆಯನ್ನಷ್ಟೇ ಆರಿಸಿ ತೆಗೆದಿದ್ದ. ಕೂದಲೆಳೆಯಷ್ಟು ದಂಟು ಎಲ್ಲೂ ಮುರಿಯದೆ ಬಳುಕಿತ್ತು. ಯಾರೂ ಬಾಗಿ ನೋಡದ ಕೆಳಮೂಲೆಯಲ್ಲೂ ಅಷ್ಟೇ ಪ್ರೀತಿ, ಅಷ್ಟೇ ಹಟ. ಇಕ್ರಾಮನಿಗೆ ಮೈ ನವಿರೆದ್ದಿತು. ಎಂಥವರ ನಡುವೆ ನಿಂತು ನಾನು ನಂದು ನಂದು ಎನ್ನುತ್ತಿದ್ದೆ ಎಂದು ನಾಚಿಕೆಯೂ ಆಯಿತು.

ಕಾವಲಿನವನು ಸೀಟಿ ಊದಿ ಎಲ್ಲರನ್ನೂ ಹೊರಡಿಸುವವರೆಗೆ ಹುಡುಕಿದರು. ಹೊಸದೆನ್ನಿಸುವ ಎಸಳು ಒಂದೂ ಸಿಗಲಿಲ್ಲ.

‘ನನ್ನದನ್ನ ಕಿತ್ತು ಬಿಸಾಕಿ ತಮ್ಮದು ಕೂರಿಸಿರಬೇಕು ಉಸ್ತಾದರು,’ ಎಂದ ಇಕ್ರಾಮ, ಬಾಗಿಲ ಹೊರಗೆ ಬಂದು. ‘ಹನ್ನೆರಡನೇದೂ ಅವರಿಗೆ ಹಿಡಿಸಿರಲಿಲ್ಲ. ಅದಕ್ಕೇ ಮಾತಾಡಲಿಲ್ಲ.’

‘ಇದಾರಾ ಅವರು?’

‘ಇದಾರೆ. ಎಂಬತ್ತೆಂಟು.’

‘ಮತ್ತೆ ಇಲ್ಲೇನು ಹಲ್ಲು ನೋವು ಬಂದವರ ಹಾಗೆ ನಿಂತಿದೀರಿ? ನಡೀರಿ. ನನ್ನ ಟೂರು ಇನ್ನೂ ಮುಗಿದಿಲ್ಲ.’

ಉಸ್ತಾದರು ಮನೆಯ ಮುಂದಿನ ಮಂಚದ ಮೇಲೆ ಕೂತಿದ್ದರು. ಕಣ್ಣಿಗೆ ಪೊರೆ ಬಂದು ಬಹಳ ದಿನವಾಗಿತ್ತು. ಮಡಿಲಲ್ಲಿ ಕಲ್ಲಿನ ಚೂರುಗಳ ತಟ್ಟೆ. ಹೆಬ್ಬೆರಳಲ್ಲಿ ಸವರಿ ಸವರಿ ನುಣುಪಿನದನ್ನು ಒಂದು ಕಡೆ, ತರಿತರಿಯಾದದ್ದನ್ನು ಒಂದು ಕಡೆ ಮಾಡುತ್ತಿದ್ದರು.

‘ಯಾರು, ಇಕ್ರಾಮನಾ? ಈದ್ ಇನ್ನೂ ದೂರ ಇದೆಯಲ್ಲೋ,’ ಎಂದರು ಹೆಜ್ಜೆಯ ಸದ್ದಿಗೇ.

ಇಕ್ರಾಮ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದ. ಕೊನೆಗೆ ಕೇಳಿದ: ‘ನನ್ನ ಎಸಳು ತೆಗೆದುಬಿಟ್ರಾ, ಉಸ್ತಾದ್?’

ಮುದುಕರ ಬೆರಳು ನಿಂತಿತು. ‘ಯಾವುದನ್ನ ತೋರಿಸ್ತಿದ್ದೆ ಜನಕ್ಕೆ?’

‘ಬಣ್ಣ ಬೇರೆ ಇದ್ದದ್ದನ್ನ.’

‘ಹೊಂದದೇ ಇರೋದು ಯಾವುದೋ ಅದೇ ನಂದು ಅಂತ ಹುಡುಕಿದ್ಯಾ?’

‘ಹೂಂ.’

ಉಸ್ತಾದರು ಕೆಮ್ಮು ಬರುವವರೆಗೆ ನಕ್ಕರು. ‘ಕತ್ತೆ! ಹೊಂದದೇ ಇರೋದನ್ನ ನಾನು ಗೋಡೆಗೆ ಇಡ್ತಿದ್ನಾ?’ ಎಂದರು. ಆಮೇಲೆ ಮೆಲ್ಲಗೆ ಹೇಳಿದರು: ‘ಕಲ್ಲು ಕೂರಿಸಿದ ದಿನ ಏನೂ ಗೊತ್ತಾಗಲ್ಲಪ್ಪ. ಒಂದು ಮಳೆಗಾಲ ಹೋಗಬೇಕು. ಆಮೇಲೆ ಹುಡುಗರ ಕೆಲಸ ನೋಡೋಕೆ ನಾನೊಬ್ಬನೇ ಹೋಗ್ತಿದ್ದೆ. ಬೇರೆ ಅಂತ ಕಣ್ಣಿಗೆ ಬಿತ್ತೋ, ಕಿತ್ತು ಹೊಸದು ಕೂರಿಸ್ತಿದ್ದೆ. ಯಾರಿಗೂ ಹೇಳ್ತಿರಲಿಲ್ಲ. ಆ ವರ್ಷ ನಿಂದು ನೋಡೋಕೆ ಹೋದೆ. ಜಾಗ ನನಗೆ ಚೆನ್ನಾಗೇ ಗೊತ್ತು ಅಂದ್ಕೊಂಡಿದ್ದೆ. ಬೆಳಗ್ಗಿಂದ ಮಧ್ಯಾಹ್ನದ ನಮಾಜಿನವರೆಗೂ ಹುಡುಕಿದೆ. ಆಗ ನನ್ನ ಕಣ್ಣು ಹದ್ದಿನ ಕಣ್ಣು ಕಣೋ. ಸಿಗಲಿಲ್ಲ.’

‘ನಿಮಗೂ?’

‘ನನಗೂ.’

‘ಮತ್ತೆ ಒಂದು ಮಾತು ಹೇಳಬಾರದಿತ್ತಾ?’

‘ಹೇಳೋಕೆ ಬಂದಿದ್ದೆ. ನೀನು ಟೈ ಕಟ್ಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಯಾರೋ ಬಿಳೀ ಹೆಂಗಸಿಗೆ ಇಂಗ್ಲಿಷಲ್ಲಿ ಏನೋ ಹೇಳ್ತಿದ್ದೆ, ಅವಳು ನಗ್ತಿದ್ಲು. ನನ್ನ ಕೈ ನೋಡ್ಕೊಂಡೆ, ಎಲ್ಲ ಕಲ್ಲಿನ ಪುಡಿ. ನಾಚಿಕೆ ಆಯ್ತು. ವಾಪಸ್ ಬಂದ್ಬಿಟ್ಟೆ.’

ಇಕ್ರಾಮ ಮಂಚದ ಕಾಲಿಗೆ ಹಣೆ ಒತ್ತಿಕೊಂಡು ಅತ್ತ. ಐವತ್ತು ದಾಟಿದ ಗಂಡಸು ಬೀದಿಯಲ್ಲಿ ಹಾಗೆ ಅಳುವುದನ್ನು ಫ್ರೇನಿಬಾಯಿಗೆ ನೋಡಲಾಗಲಿಲ್ಲ. ಜೋರಾಗಿ ಮೂಗು ಒರೆಸಿಕೊಂಡರು.

‘ಉಸ್ತಾದ್, ನಿಮ್ಮವು ಎಷ್ಟಿದಾವೆ ಅಲ್ಲಿ?’ ಎಂದು ಕೇಳಿದ, ಸ್ವಲ್ಪ ಸುಧಾರಿಸಿಕೊಂಡು. ಇಷ್ಟು ವರ್ಷದಲ್ಲಿ ಅದನ್ನು ಕೇಳಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

‘ಅಲ್ಲಿ ಮಾತ್ರಾನಾ? ಕೋಟೇಲೂ ಇದಾವೆ, ತಾಜಲ್ಲೂ ಇದಾವೆ. ಅರವತ್ತು ವರ್ಷ ಅದೇ ತಾನೇ ಮಾಡಿದ್ದು.’

‘ಎಲ್ಲೆಲ್ಲಿ?’

‘ಅಲ್ಲೇ ಎಲ್ಲೋ,’ ಎಂದ ಮುದುಕರು ಮತ್ತೆ ತಟ್ಟೆಗೆ ಬೆರಳು ಹಾಕಿದರು.

ಗಲ್ಲಿಯ ತಿರುವಿನಲ್ಲಿ ಆಟೋ ಹತ್ತುವ ಮೊದಲು ಫ್ರೇನಿಬಾಯಿ ಕೋಲು ಊರಿ ನಿಂತರು. ‘ಬೆಳಗ್ಗೆಯಿಂದ ಎಷ್ಟು ಹೆಸರು ಹೇಳಿದ್ರಿ ನನಗೆ, ಇಕ್ರಾಮ್ ಭಾಯ್. ಇವರ ಹೆಸರೇನು?’

ಬಾದಶಹರ ಹೆಸರು, ಬೇಗಮರ ಹೆಸರು, ಅವರ ಮಾವಂದಿರ ಹೆಸರು, ಆನೆ ಕುದುರೆಗಳ ಹೆಸರನ್ನು ಕೂಡ ಇಕ್ರಾಮ ಮೂವತ್ತೊಂದು ವರ್ಷ ಜನಕ್ಕೆ ಹೇಳಿದ್ದ. ಈ ಹೆಸರನ್ನು ಒಬ್ಬರಿಗೂ ಹೇಳಿರಲಿಲ್ಲ.

‘ವಹೀದ್ ಬಖ್ಶ್,’ ಎಂದ.

ಅವರು ಚೀಲದಿಂದ ಪೆನ್ನು ತೆಗೆದು ಟಿಕೆಟ್ಟಿನ ಬೆನ್ನಿಗೆ ಬರೆದುಕೊಂಡರು. ಬರೆದದ್ದು ಸರಿಯಾಗಿದೆಯೇ ನೋಡಿ ಎಂದು ಅವನ ಮುಂದೆ ಹಿಡಿದರು. ಅವನು ಎರಡು ಸಲ ಓದಿ, ಸರಿಯಾಗಿದೆ ಎಂದ.